ಮೂರು ಕಡೆ ಪರ್ಸಿ, ಒಂದು ಕಡೆ ಗಾಜು

ಹೋದ ತಿಂಗಳು ಯಾದಗಿರಿಯ ಒಂದು ಹಲ್ಲಿನ ದವಾಖಾನೆಯಲ್ಲಿ ಸರದಿಗಾಗಿ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ಏಳೆಂಟು ಮೀನು. ಬಂದವರೆಲ್ಲ ಬಗ್ಗಿ ನೋಡುತ್ತಿದ್ದರು, ಕೂಸುಗಳಿಗೆ ಬೆರಳು ಮಾಡಿ ತೋರಿಸುತ್ತಿದ್ದರು. ನನಗೆ ಮೀನು ಕಾಣಿಸುವ ಮೊದಲು ನೀರಿನ ವಾಸನೆ ಬಂತು. ಬದಲಿಸದೆ ನಾಲ್ಕು ದಿನ ಬಿಟ್ಟ, ಕಲ್ಲಿಗೆ ಪಾಚಿ ಹಿಡಿಯಲು ಶುರುವಾದ, ಮೇಲೆ ಕಾಳು ತೇಲುವ ನೀರಿನ ವಾಸನೆ. ಎಷ್ಟೋ ವರ್ಷ ಹಿಂದಿನ ಸಿಟ್ಟು ಕುಳಿತಲ್ಲೇ ನೆತ್ತಿಗೇರಿತು. ಹಲ್ಲುನೋವು ಮರೆತು ಎದ್ದು ಹೋಗಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತೆ. ಮನೆಯಲ್ಲಿ ಮೀನು ಸಾಕಿದರೆ ಮನಸ್ಸಿಗೆ ಶಾಂತಿ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಶಾಂತಿಯನ್ನು ನಾನು ಒಂದು ಅರ್ಧ ಚಳಿಗಾಲ, ಒಂದು ಅರ್ಧ ಬೇಸಿಗೆ ಕೊಡದಲ್ಲಿ ಹೊತ್ತಿದ್ದೇನೆ.

ನಾವಾಗ ಶಹಾಪುರದಲ್ಲಿದ್ದೆವು. ಕಾಲುವೆ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ನಿಂತಿತ್ತು, ಊರ ಹೊರಗೆ ಎಲ್ಲಿ ನೋಡಿದರೂ ನೀರು. ಊರ ಒಳಗೆ ಮಾತ್ರ ನಳಕ್ಕೆ ನಾಲ್ಕು ದಿನಕ್ಕೊಮ್ಮೆ. ನಾನು ದೋರನಹಳ್ಳಿಯ ಶಾಲೆಯಲ್ಲಿ ಟೀಚರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ನಮ್ಮನೆಯವರು ಶರಣಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮಗಳು ಗೀತಾ ಆ ವರ್ಷ ಎಸ್ಸೆಸ್ಸೆಲ್ಸಿ. ನಮ್ಮನೆಯವರ ಬಗ್ಗೆ ಎರಡು ಮಾತು ಹೇಳಿದರೆ ಸಾಕು: ದಿನಕ್ಕೆ ಎರಡು ಕಟ್ಟು ಬೀಡಿ, ಗಂಟೆಗೆ ಒಂದು ಸಿಟ್ಟು. ಅಂಗಿಯ ಗುಂಡಿ ಕಿತ್ತರೂ ಸಿಟ್ಟು, ಬಸ್ಸು ತಡವಾದರೂ ಸಿಟ್ಟು, ಬೇಗ ಬಂದರೂ ಸಿಟ್ಟು.

ಸಂಕ್ರಮಣ ಮುಗಿದ ಮೂರನೇ ದಿನ ಕಚೇರಿಯಲ್ಲಿ ಯಾರ ಮೇಲೋ ಕೂಗಾಡುತ್ತಿದ್ದವರು ಹಾಗೆಯೇ ಎದೆ ಹಿಡಿದುಕೊಂಡು ಕುಳಿತರಂತೆ. ನಾನು ಶಾಲೆಯಿಂದ ಬರುವಷ್ಟರಲ್ಲಿ ಯಾರದೋ ಜೀಪಿನಲ್ಲಿ ಹಾಕಿಕೊಂಡು ಕಲಬುರಗಿಗೆ ಹೊರಟಿದ್ದರು. ಆ ಎಂಟು ದಿನದ ದವಾಖಾನೆಯ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ನಲವತ್ತೆರಡು ವರ್ಷದ ಗಂಡ ಮಲಗಿದ್ದಾನೆ, ಮೂಗಿನಲ್ಲಿ ನಳಿಗೆ ಇದೆ, ನಾನು ಹೊರಗೆ ವರಾಂಡದಲ್ಲಿ ಕುಳಿತು ಗೀತಾಳ ಮದುವೆಯ ತನಕ ಯೋಚನೆ ಮಾಡಿ ಮುಗಿಸಿದ್ದೆ. ಅಷ್ಟು ಹೆದರಿದ್ದೆ.

ಉಳಿದರು. ಬಿಡುಗಡೆಯ ದಿನ ಡಾಕ್ಟರು ಮೂರು ಕಟ್ಟಳೆ ಹಾಕಿದರು. ಮೂರು ತಿಂಗಳು ರಜೆ, ಭಾರ ಎತ್ತಬಾರದು. ಬೀಡಿ ಮುಟ್ಟಬಾರದು. ಸಿಟ್ಟು ಮಾಡಬಾರದು. ಆಮೇಲೆ ನನ್ನ ಕಡೆ ತಿರುಗಿ, ಮನೆಯಲ್ಲಿ ಯಾರೂ ಇವರಿಗೆ ಸಿಟ್ಟು ಬರುವಂಥ ಮಾತು ಆಡಬಾರದು, ಇನ್ನೊಮ್ಮೆ ಹೀಗಾದರೆ ಕೈ ಮೀರುತ್ತದೆ ಎಂದರು. ಅಲ್ಲಿಗೆ ಮನೆಯ ಸಿಟ್ಟೆಲ್ಲ ನುಂಗುವ ಕೆಲಸ ನನ್ನ ಪಾಲಿಗೆ ಬಂತು. ಕಾಗದಪತ್ರ ಆಗುವ ತನಕ ಎರಡು ಗಂಟೆ ಕೆಳಗೆ ಕುಳಿತಿದ್ದೆವು. ಅಲ್ಲಿ ಒಂದು ದೊಡ್ಡ ಮೀನಿನ ಪೆಟ್ಟಿಗೆ ಇತ್ತು. ಮದುವೆಯಾಗಿ ಹದಿನೇಳು ವರ್ಷದಲ್ಲಿ ಈ ಮನುಷ್ಯ ಎರಡು ಗಂಟೆ ಬಾಯಿ ಮುಚ್ಚಿ ಕುಳಿತದ್ದನ್ನು ನಾನು ಅಂದೇ ನೋಡಿದ್ದು. ಕೈ ತೊಡೆಯ ಮೇಲಿತ್ತು, ಬೀಡಿ ಹುಡುಕುತ್ತಿರಲಿಲ್ಲ. ಒಳಗೊಳಗೆ ಮೀನಿಗೆ ಕೈ ಮುಗಿದೆ. ನನ್ನ ಮೊದಲ ತಪ್ಪು ಅದೇ.

ಬಸ್ಸು ಜೇವರ್ಗಿ ದಾಟುವಷ್ಟರಲ್ಲಿ ನಮ್ಮನೆಯವರು, ನಾವೂ ಮನೆಯಲ್ಲಿ ಇಂಥದೊಂದು ಮಾಡೋಣ, ಇದಕ್ಕಿಂತ ದೊಡ್ಡದು ಮಾಡೋಣ ಎಂದರು. ಹ್ಞೂಂ ಎಂದೆ. ಇನ್ನೇನು ಅನ್ನಲಿ, ಡಾಕ್ಟರ ಮಾತು ಕಿವಿಯಲ್ಲೇ ಇತ್ತು.

ಮನೆಗೆ ಬಂದ ಮೇಲೆ ಮಾತಾಡಿಸಲು ಬರುವವರ ಸಾಲು ಶುರುವಾಯಿತು. ಒಬ್ಬರು ಬಾಳೆಹಣ್ಣು ತಂದರೆ ಇನ್ನೊಬ್ಬರು ಬಿಸ್ಕೀಟು. ಬಂದವರೆಲ್ಲ ಇದೇ ಬೇನೆಯಲ್ಲಿ ಸತ್ತ ತಮ್ಮ ಕಡೆಯ ಒಬ್ಬೊಬ್ಬರ ಕಥೆ ಹೇಳಿ, ಚಹಾ ಕುಡಿದು, ಧೈರ್ಯವಾಗಿರಿ ಎಂದು ಹೋಗುತ್ತಿದ್ದರು. ಅವರು ಹೋದ ಮೇಲೆ ಇವರು ಮುಖ ಗಂಟಿಕ್ಕಿಕೊಂಡು ಕೂರುವುದು. ಒಂದು ದಿನ ಕಸ ಗುಡಿಸುವಾಗ ದೇವರ ಜಗಲಿಯ ಹಿಂದೆ ಎರಡು ಬೀಡಿ ತುಂಡು ಸಿಕ್ಕವು. ಮರುದಿನವೇ ನಾನೇ ಮುಂದಾಗಿ, ಮೀನಿನ ಪೆಟ್ಟಿಗೆ ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದೆ. ಎರಡನೇ ತಪ್ಪು. ಆದರೆ ಒಂದು ಮಾತು ಒಪ್ಪಬೇಕು: ಆ ಕೆಲಸ ಹಚ್ಚಿಕೊಂಡ ದಿನದಿಂದ ಬೀಡಿಯ ತುಂಡು ಮತ್ತೆ ಸಿಗಲಿಲ್ಲ. ನನಗೆ ಸಿಟ್ಟು ಬಂದು ಬಾಯಿ ತೆರೆದಾಗಲೆಲ್ಲ ಆ ಎರಡು ತುಂಡು ಕಣ್ಣ ಮುಂದೆ ಬರುತ್ತಿದ್ದವು, ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಹೈದರಾಬಾದಿನಿಂದ ಅಷ್ಟು ದೊಡ್ಡ ಗಾಜಿನ ಪೆಟ್ಟಿಗೆ ತರಿಸಿದರೆ ಎರಡು ತಿಂಗಳ ಪಗಾರ ಹೋಗುತ್ತಿತ್ತು. ಅಷ್ಟು ಖರ್ಚಿಲ್ಲದೆ ಮಾಡುವ ದಾರಿ ನಮ್ಮನೆಯವರಿಗೆ ಬಚ್ಚಲುಮನೆಯಲ್ಲಿ ಹೊಳೆಯಿತು. ನಮ್ಮ ಕಡೆ ಮನೆಮನೆಗೂ ನೀರಿನ ಹೌದ ಇರುತ್ತದೆ, ಶಹಾಬಾದಿ ಪರ್ಸಿಕಲ್ಲಿನ ಚಪ್ಪಡಿಗಳದು. ನಾಲ್ಕು ಕಡೆ ನಾಲ್ಕು ಪರ್ಸಿ ನಿಲ್ಲಿಸಿ, ಕೆಳಗೊಂದು ಹಾಕಿ, ಸಂದಿಗೆ ಸಿಮೆಂಟು ತುಂಬಿದರೆ ಹೌದ ಆಯಿತು. ಮೂರು ಕಡೆ ಪರ್ಸಿ ಇಟ್ಟು ಎದುರಿಗೆ ಮಾತ್ರ ಗಾಜು ಹಾಕಿದರೆ ಮೀನಿನ ಮನೆ. ಪರ್ಸಿ ಹಿತ್ತಲಲ್ಲೇ ಬಿದ್ದಿದ್ದವು. ಗಾಜು, ಮುಚ್ಚಿಹೋದ ಒಂದು ಬಳೆ ಅಂಗಡಿಯ ಕಪಾಟಿನದು, ಸಿಕ್ಕಿದ್ದೇ ಸೀರುಂಡೆ ಎಂಬಂತೆ ತಂದರು. ಕಟ್ಟಲು ಗೌಂಡಿ ಮೌಲಾಸಾಬ ಬಂದ. ನಮ್ಮ ಬಚ್ಚಲ ಹೌದ ಕಟ್ಟಿದವನೂ ಅವನೇ, ಓಣಿಯ ಅರ್ಧ ಹೌದಗಳು ಅವನ ಕೈಯವೇ.

ಈ ಗಾಜು ತೆಳ್ಳಗಿಲ್ಲವೇ ಎಂದು ನಾನು ಕೇಳಿದೆ. ಮೌಲಾಸಾಬ ಕರಣಿ ಕೆಳಗಿಟ್ಟು ನನ್ನನ್ನು ನೋಡಿದ.

"ನಲವತ್ತು ವರ್ಷ ಆತ್ರಿ ಟೀಚರ, ನಾ ಕಟ್ಟಿದ ಹೌದ ಒಂದರ ಸೋರ್‍ಯಾವೇನ್ರಿ?"

ಸೋರಿರಲಿಲ್ಲ, ನಿಜ. ಆದರೆ ಅವೆಲ್ಲ ನಾಲ್ಕೂ ಕಡೆ ಕಲ್ಲಿನವು. ಇದನ್ನು ಹೇಳಿದರೆ ಇಬ್ಬರಿಗೂ ಸಿಟ್ಟು ಬರುತ್ತದೆಂದು ಚಹಾ ಮಾಡಲು ಒಳಗೆ ಹೋದೆ. ನಾಲ್ಕೂವರೆ ಅಡಿ ಉದ್ದ, ಎರಡು ಅಡಿ ಎತ್ತರದ ಆ ಹೌದ ಪಡಸಾಲೆಯ ಒಂದು ಗೋಡೆಯನ್ನು ನುಂಗಿ ಕುಳಿತಿತು. ಮೊದಲು ಅಲ್ಲಿ ಗೀತಾ ಓದುವ ಮೇಜು ಇತ್ತು. ಮೇಜು ಅಡುಗೆಮನೆಗೆ ಹೋಯಿತು, ಮೇಜಿನ ಹಿಂದೆ ಗೀತಾ ಹೋದಳು, ಅವಳ ಬೀಜಗಣಿತ ಒಗ್ಗರಣೆಯ ಘಾಟಿನಲ್ಲಿ ನಡೆಯಿತು.

ತುಂಬಲು ಇಪ್ಪತ್ತೈದು ಕೊಡ ನೀರು ಬೇಕು. ನಳ ಬರುವ ದಿನವಲ್ಲ, ಆದ್ದರಿಂದ ಓಣಿಯ ಬೋರಿಂಗಿನಿಂದ ಹೊರಬೇಕು. ನಮ್ಮನೆಯವರು ಭಾರ ಎತ್ತುವಂತಿಲ್ಲ. ಅವರು ಕುರ್ಚಿಯಲ್ಲಿ ಕುಳಿತು ಕೊಡ ಎಣಿಸಿದರು, ನಾನು ಮತ್ತು ಗೀತಾ ಹೊತ್ತೆವು. ಹೊಸ ಹೌದಕ್ಕೆ ನೀರು ಬಿಡುವಾಗ ಸುಮ್ಮನೆ ಬಿಡುತ್ತಾರೆಯೇ? ಗಂಗವ್ವನ ಪೂಜೆ ಆಗಬೇಕು. ಓಣಿಯ ಐದು ಜನ ಮುತ್ತೈದೆಯರು ಬಂದರು. ಅರಿಸಿನ ಕಲಸಿ ಕಲ್ಲಿಗೆ ಬಡಿದರು, ಕುಂಕುಮ ಇಟ್ಟರು, ಕಾಯಿ ಒಡೆದರು, ನೀರಿಗೆ ಎಲೆ ಅಡಿಕೆ ಅಕ್ಕಿ ಬಿಟ್ಟರು. ನೋಡನೋಡುತ್ತಿದ್ದಂತೆ ಕಲ್ಲಿನ ಸಂದಿಯ ಮೇಲೆ ಬಳಿದ ಅರಿಸಿನ ಕೆಂಪಗಾಯಿತು. ಗಂಗವ್ವ ತಾನೇ ಕುಂಕುಮ ಹಚ್ಚಿಕೊಂಡಳು, ಒಲಿದಳು, ನಿಮ್ಮ ಗಂಡನಿಗೆ ಇನ್ನು ಭಯವಿಲ್ಲ ಎಂದು ಎಲ್ಲರೂ ನನ್ನ ಕೈ ಹಿಡಿದು ಹೇಳಿದರು. ನನಗೂ ಕಣ್ಣಲ್ಲಿ ನೀರು ಬಂತು. ಬಿ.ಎಡ್. ಮಾಡಿದವಳು ನಾನು, ಮಕ್ಕಳಿಗೆ ವಿಜ್ಞಾನ ಹೇಳುವವಳು. ಅವತ್ತು ಅದು ಯಾವುದೂ ತಲೆಗೆ ಬರಲಿಲ್ಲ.

ಮೀನು ಹೈದರಾಬಾದಿನಿಂದ ಬಂದವು. ಅಲ್ಲಿಂದ ಬರುವ ಬಸ್ಸಿನ ಕಂಡಕ್ಟರು ಪರಿಚಯದವರು, ಪ್ಲಾಸ್ಟಿಕ್ ಚೀಲದಲ್ಲಿ ಹನ್ನೆರಡು ಕೆಂಪು ಮೀನು ತಂದುಕೊಟ್ಟರು. ಅವತ್ತು ಸಂಜೆ ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿತ್ತು. ಮನೆಗೆ ಬಂದವರನ್ನು ತಿನ್ನದೆ ಕಳಿಸದ ಊರು ನಮ್ಮದು, ಮೀನು ಕೂಡ ದೂರದಿಂದ ಬಂದ ಬೀಗರೇ ಎಂಬಂತೆ ಒಬ್ಬೊಬ್ಬರೂ ಒಂದೊಂದು ಹಿಡಿ ಚುರಮುರಿ ಹಾಕಿದರು. ಹಾಕಬೇಡಿ ಎಂದರೆ, ಅವಕ್ಕೂ ಹಸಿವಾಗುತ್ತದೆ ಟೀಚರ್ ಎಂದು ನನಗೇ ತಿಳಿಹೇಳಿದರು. ಎಲ್ಲರಿಗೂ ಚಹಾ ಮಾಡಿದೆ.

ಮೂರನೇ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಹನ್ನೆರಡೂ ಸತ್ತು ತೇಲುತ್ತಿದ್ದವು. ನಮ್ಮನೆಯವರು ಎದುರಿಗೆ ಕುಳಿತಿದ್ದರು. ಕೂಗಲಿಲ್ಲ, ಯಾರನ್ನೂ ಬೈಯಲಿಲ್ಲ. ಬಲಗೈ ಮಾತ್ರ ಮೆಲ್ಲಗೆ ಎದ್ದು ಅಂಗಿಯ ಜೇಬಿನ ಕಡೆ ಹೋಯಿತು, ಬೀಡಿ ಇಡುತ್ತಿದ್ದ ಜೇಬಿನ ಕಡೆ. ಖಾಲಿ ಜೇಬನ್ನು ಎರಡು ಸಲ ತಟ್ಟಿ ಕೈ ಕೆಳಗಿಳಿಯಿತು. ಏನಾದರೂ ಹೇಳಬೇಕು, ಈಗಲೇ ಹೇಳಬೇಕು ಎಂದು ಸುತ್ತ ನೋಡಿದೆ. ಕಲ್ಲಿನ ಸಂದಿಯ ಕೆಂಪು ಇನ್ನೂ ಹಾಗೇ ಇತ್ತು. ಆಗ ಬುದ್ಧಿ ಬಂತು. ಆರತಿಯ ತಟ್ಟೆಯಲ್ಲಿ ಓಕುಳಿ ಮಾಡಲು ಅರಿಸಿನಕ್ಕೆ ನಾವು ಏನು ಹಾಕುತ್ತೇವೆ? ಸುಣ್ಣ. ಹಸಿ ಸಿಮೆಂಟು ನೀರಿಗೆ ಸುಣ್ಣ ಬಿಟ್ಟಿತ್ತು, ಕಲ್ಲೂ ಸುಣ್ಣದ್ದೇ, ಬೋರಿಂಗಿನ ನೀರೂ ಗಡಸು. ಐದು ಜನ ಮುತ್ತೈದೆಯರು, ಜೊತೆಗೆ ಒಬ್ಬ ಟೀಚರು, ದಿನಾ ಓಕುಳಿ ಮಾಡುವ ಹೆಂಗಸರು, ಕಣ್ಣೆದುರಿಗೆ ಆದದ್ದನ್ನು ಗಂಗವ್ವನ ಮೇಲೆ ಹಾಕಿ ಸೆರಗು ಮುಚ್ಚಿಕೊಂಡು ನಮಸ್ಕಾರ ಮಾಡಿದ್ದೆವು.

"ಸುಣ್ಣ ಬಿಟ್ಟದ್ರಿ ನೀರಾಗ," ಎಂದೆ. "ಮೀನಿಂದೂ ತಪ್ಪಲ್ಲ, ನಿಮ್ಮದೂ ಅಲ್ಲ. ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಹೋಗ್ತದ."

ಹೇಳಿ ನಾಲಿಗೆ ಕಚ್ಚಿಕೊಂಡೆ. ತಿಕ್ಕುವವರು ಯಾರು? ವರ್ಷಕ್ಕೆಂದು ಇಟ್ಟ ಹುಣಸೆಯ ಅರ್ಧ ಗಡಿಗೆ ನೆನೆಹಾಕಿ, ಸೀರೆ ಮೇಲೆ ಸಿಕ್ಕಿಸಿ ಆ ಹೌದದೊಳಗೆ ಕುಳಿತು ತಾಮ್ರದ ಹಂಡೆ ಬೆಳಗಿದ ಹಾಗೆ ಮೂರು ಭಾನುವಾರ ಪರ್ಸಿ ತಿಕ್ಕಿದೆ. ಪ್ರತಿ ಸಲವೂ ನೀರು ತುಂಬಿ, ಎರಡು ದಿನ ಬಿಟ್ಟು, ಚೆಲ್ಲಿ, ಮತ್ತೆ ತುಂಬಬೇಕು. ನನ್ನ ಕುತ್ತಿಗೆ ಹಿಡಿದುಕೊಂಡು ಕರಿಹಲಗೆಯ ಮೇಲಿನ ಸಾಲು ಬರೆಯಲೂ ಕೈ ಏಳದಂತಾಯಿತು. ನಮ್ಮನೆಯವರು ಹೊರಗಿನಿಂದ ಗಾಜಿಗೆ ಮೂಗು ಹಚ್ಚಿ, ಆ ಮೂಲೆ ಬಿಟ್ಟೆ ನೋಡು ಎನ್ನುತ್ತಿದ್ದರು. ಬೋರಿಂಗಿನ ನೀರು ಬೇಡವೆಂದು ಕಾಲುವೆ ನೀರು ತರಿಸುವುದಾಯಿತು. ಎತ್ತಿನ ಬಂಡಿಯಲ್ಲಿ ಎರಡು ಬ್ಯಾರಲ್ ಕೆಂಪು ರಾಡಿ ಬಂದವು. ಅದನ್ನು ಪಟಕಕಲ್ಲು ಹಾಕಿ ತಿಳಿ ಮಾಡಿ, ಸೀರೆ ಹಿಡಿದು ಸೋಸಿ ತುಂಬುವಷ್ಟರಲ್ಲಿ ಇನ್ನೊಂದು ಭಾನುವಾರ ಮುಗಿಯಿತು. ಮೌಲಾಸಾಬ ಒಂದು ಸಲ ಬಂದು, ತನ್ನ ಸಿಮೆಂಟಿನ ಮೇಲೆ ಬಂದ ಅಪವಾದ ಕೇಳಿ ಚಹಾ ಕುಡಿಯದೆ ಹೋದ.

ಅಷ್ಟರಲ್ಲಿ ಮಾರ್ಚ್ ಬಂತು. ಶಹಾಪುರದ ಬಿಸಿಲಿನ ಬಗ್ಗೆ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಊರ ಬೆನ್ನಿಗಿರುವ ಗುಡ್ಡದ ಬಂಡೆಗಳು ಹಗಲೆಲ್ಲ ಕಾದು ಸಂಜೆ ಆ ಕಾವನ್ನು ನಮ್ಮ ಮೇಲೆ ಬಿಡುತ್ತವೆ. ನಮ್ಮಲ್ಲಿ ಒಂದು ಕೂಲರ್ ಇತ್ತು, ಹಿಂದಿನ ವರ್ಷ ತಂದದ್ದು. ಒಂದು ಶನಿವಾರ ಮಧ್ಯಾಹ್ನ ಬಂದು ಗುಂಡಿ ಒತ್ತಿದರೆ ಬಿಸಿ ಗಾಳಿ ಬಡಿಯಿತು. ಒಳಗೆ ನೋಡಿದೆ, ನೀರೆತ್ತುವ ಪಂಪು ಇಲ್ಲ. ಅದು ಹೌದದಲ್ಲಿತ್ತು. ಒಂದು ಹಳೆಯ ಡಬ್ಬಿಗೆ ತೂತು ಹೊಡೆದು, ಅದರಲ್ಲಿ ಮರಳು, ಇದ್ದಿಲು, ಕಾಲುವೆಯ ಸಣ್ಣ ಕಲ್ಲು ತುಂಬಿ, ಕೂಲರಿನ ಪಂಪಿನಿಂದ ನೀರೆತ್ತಿ ಅದಕ್ಕೆ ಬಿಟ್ಟಿದ್ದರು. ನೀರು ಡಬ್ಬಿಯಲ್ಲಿ ಸೋಸಿ ಮತ್ತೆ ಹೌದಕ್ಕೆ ಬೀಳುತ್ತಿತ್ತು. ಕಾಸು ಖರ್ಚಿಲ್ಲದೆ ಎಷ್ಟು ಚಂದ ಆಯಿತು ನೋಡು ಎಂದು ಕರೆದು ತೋರಿಸಿದರು. ನಿಜವಾಗಿಯೂ ಚಂದ ಆಗಿತ್ತು. ಹೌದದಲ್ಲಿ ಮೀನು ಒಂದೂ ಇರಲಿಲ್ಲ. ನಾಲ್ಕುನೂರು ಲೀಟರು ನೀರು ತಂಪಾಗಿ ಸುತ್ತು ಹೊಡೆಯುತ್ತಿತ್ತು, ನನ್ನ ಮಗಳು ಬೆವರಿನಲ್ಲಿ ತೊಯ್ದು ಪರೀಕ್ಷೆಗೆ ಓದುತ್ತಿದ್ದಳು. ಆ ರಾತ್ರಿ ಅವಳಿಗೆ ಬೀಸಣಿಗೆ ಬೀಸುತ್ತ ನಾನು ಮನಸ್ಸಿನಲ್ಲೇ ಆಡಿದ ಮಾತುಗಳನ್ನು ಬರೆಯಲು ಬರುವುದಿಲ್ಲ.

ಏಪ್ರಿಲ್ ಮೊದಲ ವಾರ, ಗೀತಾಳ ಪರೀಕ್ಷೆ ಮುಗಿದ ಮೇಲೆ, ಕಕ್ಕೇರಾದಿಂದ ನನ್ನ ತಮ್ಮ ಹಣಮಂತ ಹೇಳಿ ಕಳಿಸಿದ. ಅವನು ಅಲ್ಲೇ ಒಕ್ಕಲುತನ ಮಾಡಿಕೊಂಡಿದ್ದಾನೆ. ಕಾಲುವೆ ಬಂದ್ ಆಗುತ್ತದೆ, ಮಾಮನಿಗೆ ಮೀನು ಬೇಕಿದ್ದರೆ ಬರಲಿ ಎಂದು. ಕಾಲುವೆಗೆ ನೀರು ನಿಲ್ಲಿಸಿದ ಮೂರ್ನಾಲ್ಕು ದಿನ ಅಲ್ಲಿ ಜಾತ್ರೆಯಷ್ಟು ಜನ. ನೀರು ಇಳಿದು ತಗ್ಗಿನಲ್ಲಿ ಉಳಿದ ಹೊಂಡಗಳಲ್ಲಿ ಮೀನು ಸಿಕ್ಕಿಬೀಳುತ್ತವೆ. ಸೀರೆ, ಸೊಳ್ಳೆಪರದೆ, ಬುಟ್ಟಿ, ಯಾರ ಕೈಗೆ ಏನು ಸಿಕ್ಕರೆ ಅದನ್ನು ಹಿಡಿದು ಇಳಿಯುತ್ತಾರೆ. ನಮ್ಮನೆಯವರು ದಂಡೆಯ ಬೇವಿನ ಗಿಡದ ಕೆಳಗೆ ಕುಳಿತು, ದೊಡ್ಡದು ಬೇಡ, ಆ ಸಣ್ಣದು, ಬೆನ್ನ ಮೇಲೆ ಹೊಳೆಯುವುದು, ಹುಷಾರು, ನೋಯಿಸಬೇಡ ಎಂದು ಕೂಗಿ ಹೇಳುತ್ತಿದ್ದರು. ಮೊಣಕಾಲುದ್ದ ಕೆಸರಿನಲ್ಲಿ ನಿಂತ ಹಣಮಂತ ಅವರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಅಕ್ಕಾ, ಮಾಮ ಇವನ್ನ ತಿನ್ನಾಕ ಒಯ್ಯಾಕತ್ತಾನೋ, ನೋಡಾಕೋ?"

ನೋಡಲಿಕ್ಕಪ್ಪ ಎಂದೆ. ಸುತ್ತ ಇದ್ದವರೆಲ್ಲ ಕೈಕೆಲಸ ಬಿಟ್ಟು ನಮ್ಮನ್ನು ನೋಡಿದರು. ನನಗೆ ಭೂಮಿ ಬಾಯಿ ತೆರೆಯಬಾರದೇ ಎನಿಸಿತು. ಮೂವತ್ತು ಮೀನು ಆದವು. ಹಾಲಿನ ಕ್ಯಾನಿನಲ್ಲಿ ಕಾಲುವೆಯ ನೀರು ತುಂಬಿ ಅದರಲ್ಲಿ ಬಿಟ್ಟು, ಸುರಪುರದಲ್ಲಿ ಬಸ್ಸು ಬದಲಿಸಿ ಮನೆಗೆ ತಂದೆವು. ಕ್ಯಾನ್ ನನ್ನ ತೊಡೆಯ ಮೇಲೆ. ನೀರಿಗೆ ಗಾಳಿ ಸಿಗಬೇಕೆಂದು ದಾರಿಯುದ್ದಕ್ಕೂ ನಾನು ಅದರಲ್ಲಿ ಕೈಯಾಡಿಸುತ್ತಿರಬೇಕು. ಪಕ್ಕದಲ್ಲಿ ಕುಳಿತ ಮುದುಕಿ ಮೂಗು ಮುಚ್ಚಿಕೊಂಡಳು. ಬಸ್ಸು ಕುಪ್ಪಳಿಸಿದಾಗಲೆಲ್ಲ ನನ್ನ ಸೀರೆ ತೊಯ್ಯುತ್ತಿತ್ತು. ನಮ್ಮನೆಯವರು ಕಿಟಕಿಯ ಹತ್ತಿರ ನಿದ್ದೆ ಹೋಗಿದ್ದರು.

ಆ ಮೀನು ಸಾಯಲಿಲ್ಲ. ಒಂದೂ ಸಾಯಲಿಲ್ಲ. ಹತ್ತು ದಿನ ಆ ಹೌದದಲ್ಲಿ ಗುಂಪು ಕಟ್ಟಿಕೊಂಡು ಓಡಾಡಿದವು. ನಮ್ಮನೆಯವರ ಮುಖಕ್ಕೆ ಕಳೆ ಬಂತು, ಊಟ ಸೇರಿತು. ಮೌಲಾಸಾಬನೂ ಬಂದು ನೋಡಿ, ತನ್ನ ಸಿಮೆಂಟಿನ ಮಾನ ಉಳಿಯಿತೆಂದು ಎರಡು ಕಪ್ ಚಹಾ ಕುಡಿದ. ನಾನು ಶಾಲೆಯ ಅಳತೆಕೋಲು ತಂದು ಗಾಜಿಗೆ ಹಿಡಿದು ತೋರಿಸಿದೆ: ಎರಡೂ ತುದಿ ಕೋಲಿನಿಂದ ದೂರ, ನಡುವೆ ಗಾಜು ಹೊಟ್ಟೆ ಉಬ್ಬಿಸಿಕೊಂಡು ಕೋಲಿಗೆ ತಾಗುತ್ತಿತ್ತು. ಗಾಜೂ ಸ್ವಲ್ಪ ಬಾಗುತ್ತದೆ, ಅದರ ಗುಣವೇ ಹಾಗೆ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಕೋಲನ್ನು ಚೀಲಕ್ಕೆ ಹಾಕಿಕೊಂಡೆ.

ಹತ್ತನೇ ದಿನ ಸಂಜೆ ದೀಪ ಹಚ್ಚುವ ಹೊತ್ತು, ಹಿಟ್ಟು ನಾದುತ್ತಿದ್ದೆ, ಪಡಸಾಲೆಯಲ್ಲಿ ಪಟ್ ಎಂದು ಸದ್ದಾಯಿತು. ಮರುಕ್ಷಣ ನೀರು ಅಡುಗೆಮನೆಯ ಹೊಸ್ತಿಲು ದಾಟಿ ನನ್ನ ಪಾದಕ್ಕೆ ಬಂತು. ಓಡಿದೆ. ಗಾಜು ನಡುವೆ ಸೀಳಿ ಎರಡು ತುಂಡಾಗಿ ಬಿದ್ದಿತ್ತು. ಗೋಡೆಗೆ ಒರಗಿಸಿಟ್ಟ ವರ್ಷದ ಜೋಳದ ಎರಡು ಚೀಲ ಕೆಳಗಿನಿಂದ ನೆನೆಯುತ್ತಿದ್ದವು. ನೆಲದ ತುಂಬ ಮೀನು ಬಡಿದಾಡುತ್ತಿದ್ದವು. ಆ ನೀರಿನ ನಡುವೆ ನಮ್ಮನೆಯವರು ಬರಿಗಾಲಲ್ಲಿ ನಿಂತಿದ್ದರು, ಎಡಗೈ ಎದೆಯ ಮೇಲಿತ್ತು.

ಆ ಕೈ ನೋಡಿದ್ದೇ ನನಗೆ ಏನಾಯಿತೋ ತಿಳಿಯದು. ಓಡಿ ಹೋಗಿ ಹಿಡಿದುಕೊಳ್ಳಬೇಕಿತ್ತು. ಹಿಡಿಯಲಿಲ್ಲ. ಕೂಗಿದೆ.

"ಮೂರು ತಿಂಗಳಾತು, ಒಂದ್ ಮಾತ ಆಡಿಲ್ಲ ನಾ. ನೀರು ಹೊತ್ತೆ, ಕಲ್ಲು ತಿಕ್ಕಿದೆ, ಮೀನು ತೊಡಿ ಮ್ಯಾಲ ಇಟ್ಕೊಂಡು ಬಂದೆ. ಯಾಕ? ನಿಮಗ ಏನರ ಆಗ್ತದಂತ. ನೀವು ಹೋದ್ರ ನಾ ಏನ್ ಮಾಡ್ಲಿ, ಹೇಳ್ರಿ. ಈ ಹೌದದಾಗ ಬೀಳ್ಲೇನು?"

ಇನ್ನೂ ಏನೇನೋ ಅಂದೆ. ಕೂಲರಿನ ಪಂಪಿನಿಂದ ಹಿಡಿದು ಹದಿನೇಳು ವರ್ಷದ್ದೆಲ್ಲ ಅಂದೆ. ಓಣಿಯವರು ಬಾಗಿಲಿಗೆ ಬಂದು, ನನ್ನ ದನಿ ಕೇಳಿ ಒಳಗೆ ಬರದೆ ನಿಂತರು. ಡಾಕ್ಟರು ಮಾಡಬಾರದೆಂದು ಹೇಳಿದ್ದನ್ನು ನಾನೇ ಮಾಡುತ್ತಿದ್ದೇನೆ ಎಂದು ಗೊತ್ತಿತ್ತು, ನಿಲ್ಲಿಸಲು ಆಗಲಿಲ್ಲ. ಈ ಮನುಷ್ಯ ತಿರುಗಿ ಕೂಗುತ್ತಾರೆ, ಕೂಗಿ ಇಲ್ಲೇ ಬೀಳುತ್ತಾರೆ, ಕೊಂದವಳು ನಾನೇ ಆಗುತ್ತೇನೆ ಎಂದುಕೊಳ್ಳುತ್ತಲೇ ಕೂಗಿದೆ.

ಅವರು ತಿರುಗಿ ಕೂಗಲಿಲ್ಲ. ಎದೆಯ ಮೇಲಿನ ಕೈ ಇಳಿಸಿ, ಗೀತಾಳಿಗೆ ಬಕೆಟ್ ತರಲು ಹೇಳಿ, ಬಗ್ಗಿ ಮೀನು ಹೆಕ್ಕತೊಡಗಿದರು. ಒಂದೊಂದನ್ನೇ ಎರಡೂ ಕೈಯಲ್ಲಿ ಎತ್ತಿ ಬಕೆಟ್ಟಿಗೆ ಬಿಡುತ್ತಿದ್ದರು. ನನ್ನ ಉಸಿರು ತೀರಿ ನಾನು ಜೋಳದ ಚೀಲದ ಮೇಲೆ ಕುಳಿತಾಗ, ತಲೆ ಎತ್ತದೆಯೇ ಮಾತಾಡಿದರು.

"ನನಗ ಅಂಜಿಕಿ ಆಗೇದ, ನೀಲಾ. ಸುಮ್ಮ ಕುಂತ್ರ ಎದಿ ಬಡಕೊಳ್ಳೂದು ಕೇಳಸ್ತದ. ಎಣಿಸಿಕೋತ ಕುಂದರ್ತೀನಿ, ಈಗ ನಿಲ್ತದ, ಈಗ ನಿಲ್ತದ ಅಂತ. ಕೈಯಾಗ ಕೆಲಸ ಇದ್ರ ಕೇಳಸಂಗಿಲ್ಲ."

ಮೂರು ತಿಂಗಳು ಒಂದೇ ಮನೆಯಲ್ಲಿ ಇಬ್ಬರೂ ಹೆದರಿಕೊಂಡು ಕುಳಿತಿದ್ದೆವು, ಒಬ್ಬರಿಗೊಬ್ಬರು ಹೇಳಿರಲಿಲ್ಲ. ಎದ್ದು ಸೆರಗು ಸಿಕ್ಕಿಸಿ ನಾನೂ ಮೀನು ಹೆಕ್ಕಿದೆ. ಇಪ್ಪತ್ತಾರು ಸಿಕ್ಕವು. ಬಕೆಟ್ಟು, ಹಂಡೆ, ಕೊಡ, ಅನ್ನದ ಬೋಗುಣಿ ಎಲ್ಲದರಲ್ಲೂ ಮೀನು. ಆ ರಾತ್ರಿ ಅಡುಗೆ ಮಾಡಲು ಪಾತ್ರೆ ಉಳಿಯಲಿಲ್ಲ, ಮಾತಾಡಿಸಲು ಬಂದವರ ಬಿಸ್ಕೀಟು ತಿಂದು ಮಲಗಿದೆವು.

ನಾಲ್ಕು ದಿನ ಬಿಟ್ಟು ಕಲಬುರಗಿಗೆ ತೋರಿಸಲು ಹೋಗುವುದಿತ್ತು. ನನ್ನ ಕೂಗಾಟ ಇವರ ಎದೆಗೆ ಏನು ಮಾಡಿದೆಯೋ ಎಂದು ದಾರಿಯುದ್ದಕ್ಕೂ ಹೆದರುತ್ತಲೇ ಹೋದೆ. ಡಾಕ್ಟರು ನೋಡಿದರು, ಇಸಿಜಿ ತೆಗೆದರು, ಬಿಪಿ ಅಳೆದರು. ಎಲ್ಲ ಸುಧಾರಿಸಿದೆ, ಗುಳಿಗೆ ಅರ್ಧ ಕಡಿಮೆ ಮಾಡೋಣ, ಕೆಲಸಕ್ಕೆ ಹೋಗಬಹುದು ಎಂದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದೆ. ನಮ್ಮನೆಯವರು ಏಳಲಿಲ್ಲ.

"ಡಾಕ್ಟರ, ಇಕಿದೂ ಒಮ್ಮಿ ನೋಡ್ರಿ."

ನನಗೇನಾಗಿದೆ, ಬಸ್ಸು ತಪ್ಪುತ್ತದೆ ನಡೆಯಿರಿ ಎಂದೆ. ಅವರು ಕುರ್ಚಿ ಬಿಟ್ಟು ಎದ್ದು, ನನ್ನ ಹೆಗಲು ಹಿಡಿದು ಅದರಲ್ಲಿ ಕೂರಿಸಿದರು. ಡಾಕ್ಟರು ನಗುತ್ತಲೇ ನನ್ನ ತೋಳಿಗೆ ಬಿಪಿಯ ಪಟ್ಟಿ ಸುತ್ತಿದರು. ಒಮ್ಮೆ ನೋಡಿದರು, ಮತ್ತೆ ಗಾಳಿ ಹಾಕಿ ಇನ್ನೊಮ್ಮೆ ನೋಡಿದರು, ನಗು ನಿಂತಿತು. ತಲೆನೋವು ಎಷ್ಟು ದಿನದಿಂದ ಎಂದು ಕೇಳಿದರು. ಮನೆ ನಡೆಸುವವರಿಗೆ ತಲೆ ನೋಯದೆ ಇರುತ್ತದೆಯೇ ಎಂದೆ. ಅವರು ಹೊಸ ಚೀಟಿ ತೆಗೆದು ನನ್ನ ಹೆಸರು ಬರೆದರು. ಇನ್ನು ಸ್ವಲ್ಪ ದಿನ ಹೋಗಿದ್ದರೆ ನಿಮ್ಮನ್ನೇ ಜೀಪಿನಲ್ಲಿ ತರಬೇಕಾಗುತ್ತಿತ್ತು ಎಂದರು.

ಮೌಲಾಸಾಬ ದಪ್ಪ ಗಾಜು ಹಾಕಿ ಆ ಹೌದವನ್ನು ಮತ್ತೆ ಕಟ್ಟಿದ. ಕೂಲರಿನ ಪಂಪು ಕೂಲರಿಗೆ ಬಂತು, ಇನ್ನೊಂದು ಹಳೆಯದು ಹುಡುಕಿ ಮೀನಿಗೆ ಹಾಕಿದರು. ನೀರು ಬದಲಿಸುವುದು, ಕಲ್ಲು ತಿಕ್ಕುವುದು, ಬಂದವರ ಚುರಮುರಿಗೆ ಅಡ್ಡ ನಿಲ್ಲುವುದು ಎಲ್ಲ ನಮ್ಮನೆಯವರೇ ಮಾಡಿದರು, ಅರ್ಧರ್ಧ ಕೊಡ ಹೊತ್ತು ಮಾಡಿದರು. ಮೀನು ನಾಲ್ಕೈದು ವರ್ಷ ಇದ್ದವು. ಆಮೇಲೆ ನನಗೆ ಯಾದಗಿರಿಗೆ ವರ್ಗವಾಯಿತು, ಆ ಮನೆ ಬಿಟ್ಟೆವು. ಹೌದ ಈಗ ಏನಾಗಿದೆಯೋ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಇಚ್ಛೆಯೂ ಇಲ್ಲ.

ಗುಳಿಗೆ ಮಾತ್ರ ಬಿಟ್ಟಿಲ್ಲ. ಅಂದಿನಿಂದ ಇಂದಿನ ತನಕ, ನಾನು ಇನ್ನೂ ಮುಖ ತೊಳೆದಿರುವುದಿಲ್ಲ, ನಮ್ಮನೆಯವರು ಒಂದು ಕೈಯಲ್ಲಿ ಗುಳಿಗೆ, ಒಂದು ಕೈಯಲ್ಲಿ ನೀರಿನ ಲೋಟ ಹಿಡಿದು ಬಂದು ಎದುರಿಗೆ ನಿಲ್ಲುತ್ತಾರೆ. ನುಂಗು ಎನ್ನುತ್ತಾರೆ. ನುಂಗಿದೆಯಾ, ಬಾಯಿ ತೆರೆ ನೋಡೋಣ ಎನ್ನುತ್ತಾರೆ. ನಿವೃತ್ತಿಯಾದ ಟೀಚರು ನಾನು, ಮೊಮ್ಮಕ್ಕಳ ಮುಂದೆ ಬಾಯಿ ತೆರೆದು ತೋರಿಸಬೇಕು. ದಿನಾ ಬೆಳಗ್ಗೆ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಆದರೆ ಎದುರಿಗೆ ನಿಂತಿರುತ್ತಾರಲ್ಲ, ನುಂಗುತ್ತೇನೆ.